ಕೋಳಿಮರಿಗಳ ಕುಕ್ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮರಿ ಇಳಿಸಿದ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಫೋನು ಬರುತ್ತದೆ. ನಾಟಿ, ಜವಾರಿ, ಗಿರಿರಾಜ, ಸ್ವರ್ಣಧಾರಾ, ಕಾವೇರಿ, ತಳಿ ಯಾವುದಾದರೂ ದೂರು ಒಂದೇ: ಒಂದನ್ನೊಂದು ಕುಕ್ಕುತ್ತಿವೆ. ಹಿತ್ತಲಲ್ಲಿ ಹತ್ತು ಮರಿ ಸಾಕುವವರಿಂದ ಹಿಡಿದು ಶೆಡ್ಡಿನಲ್ಲಿ ಇನ್ನೂರು, ಮುನ್ನೂರು ಮರಿ ಬಿಟ್ಟವರವರೆಗೆ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ರಕ್ತ ಆಗಲೇ ಕಂಡಿದ್ದರೆ ನೇರವಾಗಿ "ರಕ್ತ ಬಂದ್ಬಿಟ್ಟಿದೆ" ಎಂಬ ಪ್ರಶ್ನೆಗೆ ಹೋಗಿ. ಉಳಿದದ್ದನ್ನು ಆಮೇಲೆ ಓದಬಹುದು.

## ಮೊದಲ ವಾರ

"ನೆನ್ನೆ ತಂದ ಮರಿಗಳಣ್ಣ, ಆಗಲೇ ಒಂದರ ಕಣ್ಣಿಗೆ ಇನ್ನೊಂದು ಕುಕ್ತಾವೆ. ಇಷ್ಟು ಚಿಕ್ಕದಕ್ಕೇ ಜಗಳಾನಾ?"

ಜಗಳವಲ್ಲ. ಮೊಟ್ಟೆಯಿಂದ ಹೊರಬಿದ್ದ ಮರಿಗೆ ಯಾವುದು ಕಾಳು, ಯಾವುದು ಕಸ ಎಂದು ಗೊತ್ತಿರುವುದಿಲ್ಲ. ಕುಕ್ಕಬೇಕು ಎಂಬುದೊಂದೇ ಹುಟ್ಟುತ್ತಾ ಬಂದ ಬುದ್ಧಿ. ಹೊಳೆಯುವುದು, ದುಂಡಗಿರುವುದು, ಸುತ್ತಲಿನ ಬಣ್ಣಕ್ಕಿಂತ ಬೇರೆಯಾಗಿ ಕಾಣುವುದು ಯಾವುದಿದ್ದರೂ ಕೊಕ್ಕು ಅಲ್ಲಿಗೆ ಹೋಗುತ್ತದೆ. ಪಕ್ಕದ ಮರಿಯ ಕಣ್ಣು, ನೆಲದ ಮೇಲಿನ ಹಿಕ್ಕೆ, ಹಲಗೆಗೆ ಹೊಡೆದ ಮೊಳೆಯ ತಲೆ, ಎಲ್ಲವನ್ನೂ ಒಮ್ಮೆ ಕುಕ್ಕಿ ನೋಡುತ್ತದೆ. ತಾಯಿ ಜೊತೆಗಿದ್ದರೆ ಕಾಳನ್ನು ಎತ್ತಿ ಕೆಳಗೆ ಹಾಕಿ, "ಕೊಕ್ ಕೊಕ್" ಎಂದು ಕರೆದು ತೋರಿಸುತ್ತದೆ. ಹ್ಯಾಚರಿಯಲ್ಲಿ ಯಂತ್ರದ ಕಾವಿಗೆ ಒಡೆದ ಮರಿಗೆ ಹಾಗೆ ತೋರಿಸುವವರಿಲ್ಲ.

ಆ ಕೆಲಸ ನೀವು ಮಾಡಬೇಕು. ನೆಲಕ್ಕೆ ಹರಡಿದ ಹೊಟ್ಟಿನ ಮೇಲೆ ಕಾಗದ ಹಾಸಿ, ಫೀಡನ್ನು ಅಲ್ಲಲ್ಲಿ ಚೆಲ್ಲಿ, ಬೆರಳ ತುದಿಯಿಂದ ಟಕಟಕ ತಟ್ಟಿ. ಒಂದು ಮರಿ ಕಲಿತರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ. ಎರಡು ಮೂರು ದಿನದಲ್ಲಿ ಕಣ್ಣಿಗೆ ಕುಕ್ಕುವುದು ತಾನಾಗಿ ಕಡಿಮೆಯಾಗುತ್ತದೆ. ಹೊಳಪಿನ ನಯವಾದ ಕಾಗದ ಮಾತ್ರ ಬೇಡ, ಕಾಲು ಜಾರಿ ಮರಿ ಕುಂಟಾಗುತ್ತದೆ.

"ಕಾಲಿನ ಬೆರಳನ್ನೇ ಕುಕ್ಕಿ ಕುಕ್ಕಿ ಗಾಯ ಮಾಡಿಕೊಂಡಿವೆ. ಫೀಡ್ ಮುಂದೆನೇ ಇದೆಯಲ್ಲ?"

ಫೀಡ್ ಮುಂದೆ ಇರುವುದು ಬೇರೆ, ಹೊಟ್ಟೆಗೆ ಹೋಗಿರುವುದು ಬೇರೆ. ಮರಿ ಹುಟ್ಟುವಾಗ ಮೊಟ್ಟೆಯ ಹಳದಿ ಭಾಗ ಅದರ ಹೊಟ್ಟೆಯೊಳಗೇ ಉಳಿದಿರುತ್ತದೆ. ಆ ಬಲದ ಮೇಲೆ 48ರಿಂದ 72 ಗಂಟೆ ಬದುಕಬಲ್ಲದು, ದೂರದ ಹ್ಯಾಚರಿಯಿಂದ ಡಬ್ಬಿಯಲ್ಲಿ ಬರುವುದೂ ಅದರಿಂದಲೇ. ಅದು ಮುಗಿಯುವ ಹೊತ್ತಿಗೆ ತಿನ್ನಲು ಕಲಿಯದ ಮರಿ ಎದುರಿಗೆ ಅಲುಗಾಡುವ ಬೆರಳಿಗೆ ಬಾಯಿ ಹಾಕುತ್ತದೆ.

ಇದನ್ನು ಕೈಯಲ್ಲೇ ಪರೀಕ್ಷೆ ಮಾಡಬಹುದು. ಮರಿ ಬಿಟ್ಟ ದಿನ ರಾತ್ರಿ ಹತ್ತು ಮರಿ ಎತ್ತಿ, ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲವನ್ನು ಮೆತ್ತಗೆ ಮುಟ್ಟಿ ನೋಡಿ. ತುಂಬಿ ಮೆದುವಾಗಿದ್ದರೆ ತಿಂದೂ ಇದೆ, ಕುಡಿದೂ ಇದೆ. ಗಟ್ಟಿಯಾಗಿದ್ದರೆ ತಿಂದಿದೆ, ನೀರು ಸಿಕ್ಕಿಲ್ಲ. ನೀರಿನ ಬಲೂನಿನಂತೆ ತೊಳತೊಳ ಎಂದರೆ ಬರೀ ನೀರು. ಖಾಲಿ ಇದ್ದವನ್ನು ಹಿಡಿದು ಕೊಕ್ಕನ್ನು ನೀರಿಗೆ ಒಮ್ಮೆ ಅದ್ದಿಸಿ, ಫೀಡಿನ ಮೇಲೆ ಬಿಡಿ.

ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ತಗಡಿನ ತೂತಿನಿಂದ ಬಿಸಿಲ ಕೋಲು ನೆಲಕ್ಕೆ ಬಿದ್ದಿದ್ದರೆ ಮರಿಗಳೆಲ್ಲ ಅಲ್ಲಿ ಸೇರುತ್ತವೆ, ಆ ಬೆಳಕಿಗೆ ಬೆರಳಿನ ರಕ್ತನಾಳ ಕೆಂಪಗೆ ಕಾಣುತ್ತದೆ. ತೂತು ಮುಚ್ಚಿದರೆ ಕುಕ್ಕಾಟವೂ ನಿಲ್ಲುತ್ತದೆ.

"ಬಲ್ಬ್ ಹಾಕೀವ್ರಿ ಸರ, ಆದ್ರೂ ಮರಿ ಒಂದರ ಮ್ಯಾಲೊಂದು ಬೀಳ್ತಾವು, ಕಚ್ಚಾಡ್ತಾವು. ಏನ್ ಮಾಡೂದು?"

ಯಾವ ಬಲ್ಬ್ ಎಂದು ನಾನು ಮೊದಲು ಕೇಳುತ್ತೇನೆ. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಕಾವು ಕೊಡುವುದಿಲ್ಲ. ಬೇಕಾದದ್ದು ಒಳಗೆ ತಂತಿ ಉರಿಯುವ ಹಳೇ ಗಾಜಿನ ಬಲ್ಬು, ಇಲ್ಲವೇ ಬ್ರೂಡರಿಗೆಂದೇ (ತಾಯಿಯಿಲ್ಲದ ಮರಿಗಳನ್ನು ಬೆಚ್ಚಗಿಡುವ ಜಾಗ) ಮಾರುವ ಕಾವಿನ ದೀಪ. ಮರಿಗೆ 2 ವ್ಯಾಟ್ ಲೆಕ್ಕ ಇಟ್ಟುಕೊಂಡರೆ 50 ಮರಿಗೆ 100 ವ್ಯಾಟ್ ಆಯಿತು.

ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟಿನಂತೆ ಇಳಿಸುತ್ತಾ ಹೋಗಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿ ಚೀರಿದರೆ ಚಳಿ. ಅಂಚಿಗೆ ಸರಿದು ರೆಕ್ಕೆ ಬಿಟ್ಟು ಬಾಯಿ ತೆರೆದಿದ್ದರೆ ಸೆಕೆ. ಒಂದೇ ಪಕ್ಕಕ್ಕೆ ಒತ್ತರಿಸಿದ್ದರೆ ಇನ್ನೊಂದು ಕಡೆಯಿಂದ ಗಾಳಿ ನುಗ್ಗುತ್ತಿದೆ. ಎಲ್ಲ ಕಡೆ ಹರಡಿ ಮಲಗಿದ್ದರೆ ಸರಿಯಾಗಿದೆ.

ಚಳಿಗೆ ಮರಿ ಸಾಯುತ್ತದೆ, ಸೆಕೆಗೆ ಕುಕ್ಕಾಡುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳ ಹಗಲಿನಲ್ಲಿ ಬಲ್ಬೇ ಬೇಡ, ನಸುಕಿಗೆ ಹಾಕಿದರೆ ಸಾಕು. ಮಲೆನಾಡಿನ ಜುಲೈಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಕರೆಂಟ್ ಹೋದರೆ ಕೆಂಡ ತುಂಬಿದ ಮಡಕೆ ಇಡುವ ರೂಢಿಯಿದೆ. ತಪ್ಪೇನಿಲ್ಲ, ಆದರೆ ಮೇಲ್ಗಡೆ ಗಾಳಿಯಾಡಲು ದಾರಿ ಬಿಟ್ಟಿರಬೇಕು, ಮಡಕೆಯ ಸುತ್ತ ತಂತಿ ಬಲೆ ಇರಬೇಕು. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಮರಿಯನ್ನೂ ತೆಗೆಯುತ್ತದೆ, ಪಕ್ಕದಲ್ಲಿ ಮಲಗಿದವರನ್ನೂ.

"50 ಮರಿಗೆ ಎಷ್ಟು ಜಾಗ ಬೇಕು?"

ಮೊದಲ ವಾರ 4 ಅಡಿ ಅಡ್ಡಗಲದ ಒಂದು ದುಂಡನೆಯ ಸುತ್ತು ಸಾಕು. ತಗಡು ಅಥವಾ ರಟ್ಟಿನಿಂದ ಕಟ್ಟಿ, ಮೂಲೆ ಇರದಂತೆ ನೋಡಿಕೊಳ್ಳಿ. ಮೂಲೆಯಿದ್ದರೆ ಸಿಕ್ಕಿಬಿದ್ದ ಮರಿಗೆ ಓಡಲು ದಾರಿ ಇರುವುದಿಲ್ಲ. ನಾಲ್ಕನೇ ವಾರದವರೆಗೆ ಮರಿಗೆ ಅರ್ಧ ಚದರಡಿ, ಎಂಟನೇ ವಾರದವರೆಗೆ ಒಂದು ಚದರಡಿ. ಹೆಚ್ಚಿನವರು ಮೊದಲ ದಿನ ಸರಿಯಾಗೇ ಶುರು ಮಾಡುತ್ತಾರೆ, ಮರಿ ಬೆಳೆದಂತೆ ಸುತ್ತನ್ನು ಹಿಗ್ಗಿಸಲು ಮರೆಯುತ್ತಾರೆ. ಮೇವಿನ ತಟ್ಟೆ ಮರಿಗೆ ಒಂದು ಇಂಚು ಸಿಗಬೇಕು: 2 ಅಡಿ ಉದ್ದದ, ಎರಡೂ ಕಡೆಯಿಂದ ತಿನ್ನಬಹುದಾದ ಫೀಡರ್ 50 ಮರಿಗೆ ಸರಿಹೋಗುತ್ತದೆ. ಒಂದೇ ದೊಡ್ಡದರ ಬದಲು ಎರಡು ಚಿಕ್ಕದನ್ನು ದೂರ ದೂರ ಇಡಿ. ಆಗ ಜೋರಿನ ಮರಿ ಎರಡನ್ನೂ ಕಾವಲು ಕಾಯಲಾರದು.

"ಹಿಂದೆ ಹಿಕ್ಕೆ ಅಂಟ್ಕೊಂಡಿರೋ ಮರೀನೇ ಎಲ್ಲಾ ಸೇರ್ಕೊಂಡು ಕುಕ್ತಾವೆ, ಪಾಪ."

ಒಣಗಿದ ಹಿಕ್ಕೆ ಉಳಿದ ಮರಿಗಳಿಗೆ ಕಾಳಿನಂತೆ ಕಾಣುತ್ತದೆ. ಒಂದು ಕುಕ್ಕಿ ಕೀಳುವಾಗ ಎಳೆಯ ಚರ್ಮ ಹರಿಯುತ್ತದೆ, ರಕ್ತ ಕಾಣುತ್ತದೆ, ಆಮೇಲೆ ಕರುಳೇ ಹೊರಬರಬಹುದು. ಇದು ಕಾಯುವ ಕೆಲಸವಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ನೆನೆಸಿ, ಒರೆಸಿ ತೆಗೆಯಿರಿ. ಒಣದನ್ನು ಎಳೆಯಬೇಡಿ. ಪೂರ್ತಿ ಒಣಗಿಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಬಿಡಿ. ಹೊಟ್ಟೆಯ ಅಡಿಯಲ್ಲಿ ಕಾಣುವ ಒಣಗಿದ ಎಳೆ ಹೊಕ್ಕುಳಿನದು, ಅದನ್ನು ಹಿಕ್ಕೆಯೆಂದು ತಿಳಿದು ಕಿತ್ತೀರಿ, ಜೋಕೆ. ಒಂದೆರಡು ಮರಿಗೆ ಹೀಗಾದರೆ ಚಳಿಯೋ ಪ್ರಯಾಣದ ದಣಿವೋ ಇರುತ್ತದೆ. ಹತ್ತಾರು ಮರಿಗೆ ಬಿಳಿ ಭೇದಿ ಅಂಟಿ, ಸಾಯಲೂ ಶುರುವಾದರೆ ಅದು ರೋಗ, ಪಶುವೈದ್ಯರಿಗೆ ತೋರಿಸಿ.

"ಇನ್‌ಕ್ಯುಬೇಟರಿನಲ್ಲಿ ಮೊದಲು ಒಡೆದು ಬಂದ ಮರಿ, ಆಮೇಲೆ ಬಂದಿದ್ದನ್ನ ಕುಕ್ಕುತ್ತೆ. ತಕ್ಷಣ ತೆಗೀಬೇಕಾ?"

21ನೇ ದಿನ ಎಂದರೂ ಮೊದಲ ಮರಿಗೂ ಕೊನೆಯದಕ್ಕೂ ಒಂದು ದಿನ, ಒಂದೂವರೆ ದಿನದ ಅಂತರ ಇದ್ದೇ ಇರುತ್ತದೆ. ಒದ್ದೆ ಮರಿಯ ಹಸಿ ಹೊಕ್ಕುಳು ಮೊದಲು ಬಂದವಕ್ಕೆ ಆಟದ ವಸ್ತು. ಆದರೆ ಪದೇ ಪದೇ ಬಾಗಿಲು ತೆರೆದರೆ ಒಳಗಿನ ತೇವ ಆರಿ, ಒಡೆಯುತ್ತಿರುವ ಮೊಟ್ಟೆಯಲ್ಲಿ ಮರಿ ಅಂಟಿಕೊಂಡು ಸಾಯುತ್ತದೆ. ಪೂರ್ತಿ ಒಣಗಿ ಉಬ್ಬಿದ ಮರಿಗಳನ್ನು ಕೆಲವು ಗಂಟೆಗೊಮ್ಮೆ ಒಟ್ಟಿಗೆ, ಬೇಗ ತೆಗೆದು ಬ್ರೂಡರಿಗೆ ಹಾಕಿ. ಒದ್ದೆಯಿರುವುದನ್ನು ಅಲ್ಲೇ ಬಿಡಿ.

## ಗಾಯವಾದಾಗ

"ರಕ್ತ ಬಂದ್ಬಿಟ್ಟಿದೆ, ಈಗೇನ್ ಮಾಡ್ಲಿ?"

ಗಾಯದ ಮರಿಯನ್ನು ಈಗಲೇ ಎತ್ತಿ. ಔಷಧ ಹುಡುಕುವುದು ಆಮೇಲೆ. ಕೆಂಪು ಕಂಡರೆ ಕೋಳಿ ಜಾತಿಗೆ ಕುಕ್ಕದೆ ಇರಲು ಆಗುವುದಿಲ್ಲ. ಒಂದು ಕುಕ್ಕಿದ್ದನ್ನು ನೋಡಿ ಹತ್ತು ಕಲಿಯುತ್ತವೆ, ಅರ್ಧ ಗಂಟೆಯಲ್ಲಿ ಬದುಕುವ ಮರಿ ಸತ್ತಿರುತ್ತದೆ. ಹಾಗೆ ಕಲಿತದ್ದನ್ನು ಬಿಡಿಸುವುದು ಗಾಯ ವಾಸಿ ಮಾಡುವುದಕ್ಕಿಂತ ಕಷ್ಟ.

ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೋವಿಡೋನ್ ಅಯೋಡಿನ್ ದ್ರಾವಣವನ್ನು ನೀರು ಬೆರೆಸಿ ಹಚ್ಚಿ. ಮನೆಯಲ್ಲಿ ಅದಿಲ್ಲದಿದ್ದರೆ ಅರಿಶಿಣವನ್ನು ಬೇವಿನೆಣ್ಣೆಯಲ್ಲಿ ಕಲಸಿ ಸವರಬಹುದು. ಬೇವಿನ ಕಹಿಗೆ ಉಳಿದವು ಮತ್ತೆ ಬಾಯಿ ಹಾಕಲು ಹಿಂಜರಿಯುತ್ತವೆ, ಅರಿಶಿಣದ ಬಣ್ಣಕ್ಕೆ ಕೆಂಪು ಮರೆಯಾಗುತ್ತದೆ. ಕಣ್ಣಿನ ಹತ್ತಿರ ಎರಡೂ ಬೇಡ. ಕರುಳು ಹೊರಬಂದಿದ್ದರೆ ಅಥವಾ ತಲೆಬುರುಡೆ ಕಾಣುವಷ್ಟು ಗಾಯವಾಗಿದ್ದರೆ ಮನೆಮದ್ದು ಮಾಡುತ್ತಾ ಹೊತ್ತು ಕಳೆಯಬೇಡಿ, ಪಶುವೈದ್ಯರಿಗೆ ತೋರಿಸಿ.

ಎತ್ತಿದ ಮರಿಯನ್ನು ಬೇರೆ ಕೋಣೆಗೆ ಒಯ್ಯುವುದಕ್ಕಿಂತ ಅದೇ ಬ್ರೂಡರಿನೊಳಗೆ ತಂತಿ ಬುಟ್ಟಿ ಕವುಚಿ, ಅದರಡಿ ನೀರು, ಮೇವಿನ ಸಮೇತ ಬಿಡುವುದು ಒಳ್ಳೆಯದು. ಕಾವು ಸಿಗುತ್ತದೆ, ಒಂಟಿಯಾಗಿ ಚೀರುವುದಿಲ್ಲ, ಉಳಿದವಕ್ಕೆ ಅದರ ಗುರುತೂ ಮರೆಯುವುದಿಲ್ಲ. ರಕ್ತ ಅಂಟಿದ ಹೊಟ್ಟನ್ನೂ ಬಾಚಿ ತೆಗೆಯಿರಿ. ಮರಿಯನ್ನು ಎತ್ತಿ ಆ ಹೊಟ್ಟನ್ನು ಅಲ್ಲೇ ಬಿಡುವವರೇ ಹೆಚ್ಚು.

"ಕುಕ್ಕೋದು ಒಂದೇ ಮರಿ, ನಾನು ಕಣ್ಣಾರೆ ನೋಡಿದೀನಿ. ಅದನ್ನ ಕುಯ್ದು ಹಾಕ್ಲಾ?"

ಅಷ್ಟು ಚಿಕ್ಕದನ್ನು ಕುಯ್ದು ಸಾರಿಗೂ ಆಗದು! ಹಿಡಿದು ಎರಡು ಮೂರು ದಿನ ಪಕ್ಕದಲ್ಲೇ, ಕಾವು ಸಿಗುವ ಜಾಗದಲ್ಲಿ ಕೂಡಿಹಾಕಿ. ಅದು ಇಲ್ಲದ ಹೊತ್ತಿನಲ್ಲಿ ಉಳಿದವು ತಮ್ಮೊಳಗೆ ಜಾಗ ಹಂಚಿಕೊಂಡಿರುತ್ತವೆ. ವಾಪಸ್ ಬಂದಾಗ ಇದೇ ಹೊಸಬ, ಜೋರು ತಗ್ಗುತ್ತದೆ. ಬಿಟ್ಟ ಮೇಲೂ ಬೆನ್ನು ಬಿಡದೆ ಒಂದನ್ನೇ ಅಟ್ಟಿಸಿಕೊಂಡು ಹೋದರೆ ಅದನ್ನು ತನಗಿಂತ ತುಸು ದೊಡ್ಡ ಮರಿಗಳ ಗುಂಪಿಗೆ ಹಾಕಿ ನೋಡಬಹುದು. ಅಲ್ಲೂ ಬಿಟ್ಟು ಬರಬೇಡಿ, ಒಂದು ಗಂಟೆ ಕಣ್ಣಿಟ್ಟಿರಿ.

"ಗಾಯ ವಾಸಿಯಾದ ಮರೀನ ಮತ್ತೆ ಬಿಟ್ರೆ ಎಲ್ಲಾ ಸೇರಿ ಹೊಡೀತಾವೆ."

ಹಗಲಲ್ಲಿ ಒಂಟಿಯಾಗಿ ಬಿಟ್ಟಿರುತ್ತೀರಿ. ವಾಸಿಯಾದ ಮರಿಯ ಜೊತೆ ಒಂದೆರಡು ಸಾಧು ಮರಿಗಳನ್ನು ಒಂದು ದಿನ ಒಟ್ಟಿಗೆ ಇಡಿ, ಮೂರನ್ನೂ ಕತ್ತಲಾದ ಮೇಲೆ ಗುಂಪಿನೊಳಗೆ ಸೇರಿಸಿ. ಗಾಯದ ಮೇಲೆ ಹೊಸ ಚರ್ಮ ಇನ್ನೂ ಕೆಂಪಗಿದ್ದರೆ ಬಿಡುವ ಸಮಯ ಬಂದಿಲ್ಲ.

## ಎರಡನೇ ವಾರದ ನಂತರ

"ಬಾಲದ ಹತ್ರ, ರೆಕ್ಕೆ ತುದೀಲಿ ಪುಕ್ಕ ಕಿತ್ತು ತಿಂತಾವೆ. ಸಿಟ್ಟು ಇದ್ದಂಗೂ ಕಾಣಲ್ಲ."

ಸರಿಯಾಗಿ ನೋಡಿದ್ದೀರಿ. ಸಿಟ್ಟಿನ ಕುಕ್ಕು ತಲೆಗೆ, ಮುಂದಿನಿಂದ, ಒಂದೇ ಏಟಿಗೆ ಬೀಳುತ್ತದೆ. ಪುಕ್ಕ ಕೀಳುವುದು ಹಿಂದಿನಿಂದ, ನಿಧಾನವಾಗಿ, ಪದೇ ಪದೇ ನಡೆಯುತ್ತದೆ. ಇದು ನೆಲ ಕೆದಕಿ ಹುಳ ಹುಡುಕಬೇಕಾದ ಬುದ್ಧಿ ದಾರಿ ತಪ್ಪಿ ಪಕ್ಕದ ಮರಿಯ ಮೈ ಮೇಲೆ ಬಂದಿರುವುದು. ಎರಡರಿಂದ ನಾಲ್ಕನೇ ವಾರದಲ್ಲಿ ಹೊಸ ಗರಿ ಮೂಡುವಾಗ ಅದರ ಬುಡದ ಕೊಳವೆಯಲ್ಲಿ ರಕ್ತ ತುಂಬಿರುತ್ತದೆ. ಕಿತ್ತ ಮರಿಗೆ ಅದರ ರುಚಿ ಹತ್ತುತ್ತದೆ.

ಮದ್ದು ಕೊಕ್ಕಿಗೆ ಬೇರೆ ಕೆಲಸ ಕೊಡುವುದು. ನುಗ್ಗೆ ಸೊಪ್ಪು, ಅಗಸೆ ಸೊಪ್ಪು, ಕೊತ್ತಂಬರಿ ದಂಟು, ಏನು ಸಿಗುತ್ತದೋ ಅದನ್ನು ಕಟ್ಟು ಕಟ್ಟಿ ಮರಿಯ ತಲೆಯ ಎತ್ತರಕ್ಕೆ ನೇತುಹಾಕಿ. ನೆಲಕ್ಕೆ ಹಾಕಿದರೆ ತುಳಿದು ಗಲೀಜು ಮಾಡುತ್ತವೆ, ನೇತಾಡುತ್ತಿದ್ದರೆ ದಿನವಿಡೀ ಎಳೆದಾಡುತ್ತವೆ. ಸೊಪ್ಪು ಶುರು ಮಾಡಿದ ಮೇಲೆ ಜೊತೆಗೆ ಸಣ್ಣ ಮರಳನ್ನೂ ಇಡಬೇಕು, ಅರೆಯುವ ಹೊಟ್ಟೆಗೆ ಅದು ಬೇಕು. ಒಂದು ಅಗಲ ಬಾಣಲೆಯಲ್ಲಿ ಒಣಮಣ್ಣು, ಒಲೆಯ ತಣ್ಣನೆ ಬೂದಿ ಬೆರೆಸಿಟ್ಟರೆ ಹೊರಳಾಡುತ್ತವೆ. ಹೊಟ್ಟನ್ನು ದಿನಕ್ಕೊಮ್ಮೆ ಕೆದಕಿ ತಿರುವಿ, ಅದರೊಳಗೆ ಒಂದು ಹಿಡಿ ರಾಗಿ ಎರಚಿ. ಎರಡನೇ ವಾರದಿಂದ ನೆಲದಿಂದ ಮೂರ್ನಾಲ್ಕು ಇಂಚು ಎತ್ತರದಲ್ಲಿ ಒಂದು ಬಿದಿರಿನ ಕೋಲು ಹಾಕಿದರೆ ಬೆದರಿದ ಮರಿಗೆ ಹತ್ತಿ ಕೂರಲು ಜಾಗವಾಯಿತು.

"ನಮ್ಮಜ್ಜಿ ಬರೀ ನುಚ್ಚು ಹಾಕಿ ಸಾಕ್ತಿದ್ರು. ಈಗ ಯಾಕೆ ಅಂಗಡಿ ಫೀಡೇ ಬೇಕು ಅಂತೀರ?"

ಅಜ್ಜಿಯ ಮರಿಗಳು ನುಚ್ಚನ್ನು ಬೆಳಿಗ್ಗೆ ಒಂದು ಹೊತ್ತು ತಿಂದು, ಉಳಿದ ದಿನವೆಲ್ಲ ತಾಯಿಯ ಹಿಂದೆ ತಿಪ್ಪೆಯಲ್ಲಿ ಗೆದ್ದಲು, ಹುಳ ಹೆಕ್ಕುತ್ತಿದ್ದವು. ನಿಮ್ಮವು ನಾಲ್ಕು ಗೋಡೆಯೊಳಗಿವೆ. ಅಕ್ಕಿ ನುಚ್ಚಿನಲ್ಲೂ ರಾಗಿಯಲ್ಲೂ ಪ್ರೋಟೀನ್ ಸುಮಾರು ಶೇಕಡಾ 7, 8. ಜೋಳದ ನುಚ್ಚು ತುಸು ಮೇಲು. ಚಿಕ್ಕ ಮರಿಗೆ ಬೇಕಾದದ್ದು ಶೇಕಡಾ 20ಕ್ಕೆ ಕಡಿಮೆಯಿಲ್ಲದ ಪ್ರೋಟೀನ್. ಗರಿಯೆಂದರೆ ಬಹುಪಾಲು ಪ್ರೋಟೀನೇ. ಅದು ಸಾಲದಿದ್ದಾಗ ಮರಿ ಪಕ್ಕದ ಮರಿಯ ಗರಿ ತಿನ್ನುತ್ತದೆ.

ಮೊದಲ ಆರು ವಾರ ಚಿಕ್ ಮ್ಯಾಶ್, ಅಂದರೆ ಅಂಗಡಿಯ ಮರಿ ಫೀಡ್ ಕೊಡಿ, ನುಚ್ಚನ್ನು ಬಾಯಿರುಚಿಗೆ ಸ್ವಲ್ಪ ಬೆರೆಸಿ. ಮ್ಯಾಶ್ ಮುಗಿದ ದಿನ ಬೇಯಿಸಿದ ಮೊಟ್ಟೆಯನ್ನು ಸಣ್ಣಗೆ ಕಿವುಚಿ ಕೊಡಬಹುದು. ನೀರಿನ ಮೇಲೆ ತೇಲುವ ಅಜೋಲ್ಲ ಸೊಪ್ಪು ಬೆಳೆಯುವವರು ಅದನ್ನೂ ಕೊಡಿ. ಕರಾವಳಿಯವರು ಒಣಮೀನಿನ ಪುಡಿ ಹಾಕುತ್ತಾರೆ. ಉಪ್ಪು ಹಾಕದೆ ಒಣಗಿಸಿದ್ದಾದರೆ ಬಹಳ ಒಳ್ಳೆಯದು, ಉಪ್ಪುಮೀನಾದರೆ ಬೇಡ.

"ಕುಕ್ಕಾಟಕ್ಕೆ ಉಪ್ಪು ನೀರು ಕೊಟ್ರೆ ನಿಲ್ತದೆ ಅಂತ ಹೇಳ್ತಾರಲ್ಲ, ಹೌದಾ?"

ಮಾತಿನಲ್ಲಿ ಅರ್ಧ ಸತ್ಯವಿದೆ. ಮೇವಿನಲ್ಲಿ ಉಪ್ಪಿನಂಶ ಕಡಿಮೆಯಾದರೆ ಕೋಳಿಗಳು ಕುಕ್ಕಾಡುವುದು ನಿಜ. ಮನೆಯಲ್ಲೇ ಕಾಳು ಬೀಸಿ ಕೊಡುವವರು 100 ಕಿಲೋ ಮೇವಿಗೆ 300 ಗ್ರಾಂ ಆಸುಪಾಸು ಉಪ್ಪು ಸೇರಿಸಿ. ಕಂಪನಿ ಫೀಡಿನಲ್ಲಿ ಅದು ಆಗಲೇ ಇದೆ. ಅದರ ಮೇಲೆ ನೀರಿಗೂ ಉಪ್ಪು ಹಾಕಿದರೆ ಮರಿಯ ಮೂತ್ರಪಿಂಡ ತಡೆಯುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತವೆ.

"ಕೆಂಪು ಬಲ್ಬ್ ಹಾಕಿದರೆ ಸಾಕಾ?"

ಸಹಾಯ ಮಾಡುತ್ತದೆ. ಕೆಂಪು ಬೆಳಕಿನಲ್ಲಿ ಎಲ್ಲವೂ ಕೆಂಪಾಗಿ ಕಾಣುವುದರಿಂದ ರಕ್ತ ಎದ್ದು ಕಾಣುವುದಿಲ್ಲ. ಮೊದಲ ಎರಡು ಮೂರು ದಿನ ಮಾತ್ರ ಬೆಳಕು ಚೆನ್ನಾಗಿರಲಿ, ಮೇವು ನೀರು ಕಾಣಬೇಕಲ್ಲ. ಆಮೇಲೆ ಕಡಿಮೆ ಮಾಡುತ್ತಾ ಬಂದು, ರಾತ್ರಿ ಕೆಲವು ಗಂಟೆ ಕತ್ತಲೆ ಕೊಡಿ. ದಿನದ 24 ಗಂಟೆಯೂ ಬಿಳಿ ಬೆಳಕಿನಲ್ಲಿಟ್ಟ ಮರಿಗೆ ನಿದ್ದೆಯಿಲ್ಲ, ನಿದ್ದೆಗೆಟ್ಟ ಮರಿ ಕುಕ್ಕದೆ ಇನ್ನೇನು ಮಾಡೀತು? ಕತ್ತಲೆ ಮಾಡುವುದೆಂದರೆ ಕಾವು ತೆಗೆಯುವುದಲ್ಲ, ನೆನಪಿರಲಿ.

"ಮೂರು ವಾರದ ಎರಡು ಮರಿ ಎದೆಗೆ ಎದೆ ಕೊಟ್ಟು, ಕತ್ತಿನ ಪುಕ್ಕ ಕೆದರಿ ನಿಲ್ತಾವೆ. ಬಿಡಿಸಬೇಕಾ?"

ಬೇಡ. ಇಲ್ಲಿಯವರೆಗೆ ಹೇಳಿದ್ದು ಯಾವುದೂ ನಿಜವಾದ ಜಗಳವಲ್ಲ, ಜಗಳ ಶುರುವಾಗುವುದು ಇಲ್ಲಿಂದ. ಎರಡು ಮೂರು ವಾರದಿಂದ ಮರಿಗಳು ಎದುರುಬದುರು ನಿಂತು, ಹಾರಿ, ಎದೆಯಿಂದ ಗುದ್ದಿ ತಮ್ಮೊಳಗೆ ಯಾರು ಮೇಲು, ಯಾರು ಕೆಳಗು ಎಂದು ತೀರ್ಮಾನಿಸಿಕೊಳ್ಳುತ್ತವೆ. ಎರಡನೇ ತಿಂಗಳು ತುಂಬುವ ಹೊತ್ತಿಗೆ ಈ ಶ್ರೇಣಿ ಹೆಚ್ಚುಕಡಿಮೆ ಗಟ್ಟಿಯಾಗುತ್ತದೆ. ಕೋಳಿಗಳಲ್ಲಿ ಇಂಥ ಶ್ರೇಣಿ ಇದೆ ಎಂದು ಮೊದಲು ವಿವರವಾಗಿ ಬರೆದವರು ನಾರ್ವೆಯ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ. ಅವರ ಪ್ರಬಂಧ ಪ್ರಕಟವಾದದ್ದು 1922ರಲ್ಲಿ. ಅವರು ಬರೆದದ್ದನ್ನು ಹಿತ್ತಲಲ್ಲಿ ಕೂತು ಕೋಳಿ ನೋಡಿದ ಯಾರಾದರೂ ಒಪ್ಪುತ್ತಾರೆ: ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತಿರುಗಿ ಕುಕ್ಕುವುದಿಲ್ಲ, ತನಗಿಂತ ಕೆಳಗಿನದನ್ನು ಹುಡುಕುತ್ತದೆ.

ಒಮ್ಮೆ ತೀರ್ಮಾನವಾದರೆ ಗುಂಪು ಶಾಂತವಾಗುತ್ತದೆ. ನೀವು ನಡುವೆ ಹೋಗಿ ಬಿಡಿಸಿದರೆ ಪಂಚಾಯ್ತಿ ಅರ್ಧಕ್ಕೆ ನಿಂತು, ನಾಳೆ ಮತ್ತೆ ಮೊದಲಿನಿಂದ ಶುರು. ಸೋತದ್ದು ಓಡಿಹೋಗಲು ಜಾಗವಿದೆಯೇ, ಸೋತದ್ದಕ್ಕೂ ಮೇವು ಸಿಗುತ್ತಿದೆಯೇ, ಇವೆರಡನ್ನು ನೋಡಿ. ರಕ್ತ ಬಂದರೆ ಮಾತ್ರ ಕೈ ಹಾಕಿ.

## ತಾಯಿ ಕೋಳಿ ಇದ್ದಾಗ

"ಕಾವು ಕೂತ ಕೋಳಿ ತಾನೇ ಒಡೆದ ಮರಿಯನ್ನ ಕುಕ್ಕಿ ಸಾಯಿಸಿತು. ತಾಯಿ ಹೀಗೆ ಮಾಡುತ್ತಾ?"

ಮಾಡುತ್ತದೆ, ಅದರಲ್ಲೂ ಮೊದಲ ಸಲ ಕಾವು ಕೂತ ಹೇಂಟೆ. ಹೊಟ್ಟೆಯಡಿ ಏನೋ ಅಲುಗಾಡಿದ್ದಕ್ಕೆ ಬೆದರಿರಬಹುದು. ಬೇರೆ ಕೋಳಿಗಳು ಬಂದು ಗೂಡಿನಲ್ಲಿ ಗದ್ದಲ ಮಾಡಿ, ಅದು ಎಲ್ಲಕ್ಕೂ ಕುಕ್ಕಿರಬಹುದು. ಹತ್ತು ಬಿಳಿ ಮರಿಗಳ ನಡುವೆ ಒಂದು ಕಪ್ಪು ಬಂದಾಗ ಅದನ್ನೊಂದನ್ನೇ ದೂಡುವ ಕೋಳಿಯೂ ಉಂಟು. ಮೊಟ್ಟೆ ಒಡೆಯುವ ಎರಡು ದಿನ ಗೂಡನ್ನು ಕತ್ತಲೆಯಾಗಿ, ಒಂಟಿಯಾಗಿ ಇಡಿ. ಮಕ್ಕಳನ್ನು ನೋಡಲು ಬಿಡಬೇಡಿ. ಆದರೂ ಕುಕ್ಕಿದರೆ ಮರಿ ತೆಗೆದು ಬ್ರೂಡರಿಗೆ ಹಾಕಿ. ಎರಡನೇ ಸಲವೂ ಹಾಗೇ ಮಾಡಿದ ಕೋಳಿಯನ್ನು ಮೊಟ್ಟೆಗೆ ಇಟ್ಟುಕೊಳ್ಳಿ, ಕಾವಿಗೆ ಬೇಡ.

"ಅಂಗಡಿಯಿಂದ ತಂದ ಮರಿಗಳನ್ನು ನಮ್ಮ ಊರ ಕೋಳಿಯ ಅಡಿಗೆ ಬಿಡ್ಬಹುದಾ? ಅದು ಎಂತ ಮಾಡ್ತದೆ?"

ಒಪ್ಪಿದರೆ ಇದಕ್ಕಿಂತ ಒಳ್ಳೆಯ ಬ್ರೂಡರ್ ಇಲ್ಲ. ಬಲ್ಬಿನ ಖರ್ಚು ಉಳಿಯಿತು, ತಿನ್ನಲು ಕಲಿಸುವ ಕೆಲಸವೂ ಉಳಿಯಿತು. ಆದರೆ ಷರತ್ತುಗಳಿವೆ. ಕೋಳಿ ಎರಡು ಮೂರು ವಾರದಿಂದ ಗಟ್ಟಿಯಾಗಿ ಕಾವು ಕೂತಿರಬೇಕು. ಮರಿ ಹುಟ್ಟಿ ಒಂದೆರಡು ದಿನವಷ್ಟೇ ಆಗಿರಬೇಕು. ವಾರದ ಮರಿಗೆ ತಾಯಿಯೆಂದರೆ ಏನೆಂದೇ ಗೊತ್ತಿರುವುದಿಲ್ಲ, ಅದು ಕರೆದರೂ ಹೋಗದು. ಕತ್ತಲಾದ ಮೇಲೆ ಟಾರ್ಚ್ ಹಾಕದೆ, ಹೊಟ್ಟೆಯಡಿಯಿಂದ ಒಂದು ಮೊಟ್ಟೆ ತೆಗೆದು ಒಂದು ಮರಿ ತಳ್ಳಿ. ಹೀಗೆ ಒಂದೊಂದಾಗಿ. ಸಾಧಾರಣ ಮೈಕಟ್ಟಿನ ಊರ ಕೋಳಿ ಹತ್ತು ಹನ್ನೆರಡು ಮರಿಗಿಂತ ಹೆಚ್ಚಿಗೆ ಕಾವು ಕೊಡಲಾರದು. ಬೆಳಗಾಗುವ ಮೊದಲೇ ನೀವು ಅಲ್ಲಿರಬೇಕು, ಒಪ್ಪಿತೋ ಇಲ್ಲವೋ ಎಂಬುದು ಮೊದಲ ಬೆಳಕಿನಲ್ಲಿ ಗೊತ್ತಾಗುತ್ತದೆ. ಇನ್ನೊಂದು ಮರಿತಾಯಿ ಅದೇ ಅಂಗಳದಲ್ಲಿದ್ದರೆ ಮೊದಲ ಎರಡು ವಾರ ಇಬ್ಬರನ್ನೂ ದೂರ ಇಡಿ. ಒಂದರ ಮರಿ ಇನ್ನೊಂದರ ಹತ್ತಿರ ಹೋದರೆ ಏಟು ಖಂಡಿತ.

"ಇಷ್ಟು ದಿನ ಚೆನ್ನಾಗ್ ನೋಡ್ಕೊಂಡ ತಾಯಿ ಈಗ ಮರಿ ಹತ್ರ ಬಂದ್ರೆ ಕುಕ್ಕಿ ಓಡಿಸ್ತಿದೆ."

ಮರಿ ಬಿಡಿಸುತ್ತಿದೆ. ಮತ್ತೆ ಮೊಟ್ಟೆಗೆ ಬರುವ ಕಾಲವಾಯಿತು. ಮರಿಗೆ ಮೈತುಂಬ ಗರಿ ಬಂದಿದ್ದರೆ ಚಿಂತೆಯಿಲ್ಲ, ರಾತ್ರಿ ಕೂರಲು ಬೇರೆ ಗೂಡು ಕೊಡಿ.

## ಬೆರೆಸುವುದು, ತಳಿ, ಕೊಕ್ಕು

"ಹೊಸಾ ಬ್ಯಾಚ್ ಬಂತ್ರಿ, ಹಳೇ ಮರಿ ಜೋಡಿ ಬಿಟ್ರ ನಡೀತದೇನು?"

ವಾರಕ್ಕಿಂತ ಹೆಚ್ಚು ಅಂತರವಿದ್ದರೆ ನಡೆಯುವುದಿಲ್ಲ. ಈ ವಯಸ್ಸಿನಲ್ಲಿ ಒಂದು ವಾರ ಎಂದರೆ ಮೈತೂಕ ಹೆಚ್ಚುಕಡಿಮೆ ಇಮ್ಮಡಿ. ಕಾವೂ ಬೇರೆ ಬೇರೆ ಬೇಕು, ಹಳೆಯವುಗಳ ರೋಗ ಹೊಸವಕ್ಕೆ ಅಂಟುವ ಭಯ ಬೇರೆ. ಹೊಸವು ಆರು ವಾರದವಾಗುವವರೆಗೆ ಬೇರೆ ಇಟ್ಟು, ಆಮೇಲೆ ನಡುವೆ ಜಾಲರಿ ಕಟ್ಟಿ ಒಂದು ವಾರ ಒಂದನ್ನೊಂದು ನೋಡಲು ಬಿಡಿ. ಜಾಲರಿ ತೆಗೆಯುವ ದಿನ ಎರಡೂ ಗುಂಪನ್ನು ಯಾರದ್ದೂ ಅಲ್ಲದ ಹೊಸ ಜಾಗಕ್ಕೆ ಬಿಟ್ಟರೆ ಏಟು ಕಡಿಮೆ. ಲಸಿಕೆ ಹಾಕಿದ ದಿನವೇ ಬೆರೆಸಬೇಡಿ, ಎರಡು ಕಷ್ಟ ಒಟ್ಟಿಗೆ ಯಾಕೆ?

"ಸಂತೇಲಿ ಮಕ್ಕಳು ಹಠ ಮಾಡಿ ಗುಲಾಬಿ, ಹಸಿರು ಬಣ್ಣದ ಮರಿ ತಂದವ್ರೆ. ಮನೆ ಮರಿಗಳು ಅದನ್ನ ಬಿಡ್ತಿಲ್ಲ."

ಅವು ಸಾಮಾನ್ಯವಾಗಿ ಮೊಟ್ಟೆ ತಳಿಯ ಹ್ಯಾಚರಿಗಳಲ್ಲಿ ಬೇಡವಾದ ಗಂಡು ಮರಿಗಳು. ಬಣ್ಣದಲ್ಲಿ ಅದ್ದಿ, ಬಿಸಿಲಲ್ಲಿ ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ನಿಮ್ಮ ಕೈಗೆ ಬರುವಷ್ಟರಲ್ಲಿ ಅರ್ಧ ಜೀವವಾಗಿರುತ್ತವೆ. ಬೇರೆಯಾಗಿ ಕಾಣುವ ಮರಿ, ಜೊತೆಗೆ ನಿತ್ರಾಣ, ಮನೆ ಮರಿಗಳು ಬಿಡುತ್ತವೆಯೇ? ತಂದವನ್ನು ಬೆಚ್ಚಗೆ ಬೇರೆಯೇ ಸಾಕಿ. ತೊಳೆದು ಬಣ್ಣ ಬಿಡಿಸಲು ಹೋಗಬೇಡಿ, ಒದ್ದೆಯಾದ ಮರಿ ಚಳಿಗೆ ಸಾಯುತ್ತದೆ. ಹೊಸ ಗರಿ ಬಂದಾಗ ಬಣ್ಣ ತಾನೇ ಹೋಗುತ್ತದೆ. ಮಕ್ಕಳಿಗೆ ಮುಂದಿನ ಸಂತೆಯಲ್ಲಿ ಬೇರೆ ಏನಾದರೂ ಕೊಡಿಸಿ.

"ಟರ್ಕಿ, ಗಿನಿ ಕೋಳಿ, ಬಾತುಕೋಳಿ ಮರಿ ಎಲ್ಲಾ ಒಂದೇ ಬ್ರೂಡರಲ್ಲಿ ಹಾಕಬಹುದಾ?"

ಬೇಡ. ಬಾತು ಮರಿ ನೀರು ಚೆಲ್ಲಿ ಹೊಟ್ಟೆಲ್ಲ ಕೆಸರು ಮಾಡುತ್ತದೆ. ಟರ್ಕಿ ಮರಿ ತಿನ್ನಲು ಕಲಿಯುವುದು ನಿಧಾನ, ಕೋಳಿಯಿಂದ ಅದಕ್ಕೆ ಬ್ಲ್ಯಾಕ್‌ಹೆಡ್ ರೋಗವೂ ತಗಲುತ್ತದೆ. ಜಪಾನಿ ಕ್ವೇಲ್ ಮರಿಯಂತೂ ಹುಟ್ಟುವಾಗ 7, 8 ಗ್ರಾಂ, ಕೋಳಿಮರಿ 35ರಿಂದ 40 ಗ್ರಾಂ. ಅದನ್ನು ಇದರ ಜೊತೆ ಬಿಟ್ಟರೆ ಹುಳುವೆಂದೇ ತಿಳಿದೀತು.

"ಅಸೀಲ್ ಮರಿ ಸಾಕಿದೀನಿ. ಇವೇ ಜಾಸ್ತಿ ಕಚ್ಚಾಡ್ತಾವಲ್ಲ?"

ಕಾಳಗಕ್ಕೆಂದೇ ತಲೆತಲಾಂತರದಿಂದ ಆರಿಸಿ ಬೆಳೆಸಿದ ತಳಿ ಅದು, ರಕ್ತದಲ್ಲೇ ಇದೆ. ಬೇರೆ ತಳಿಯಲ್ಲಿ "ಬಿಡಿ, ತಾವೇ ತೀರ್ಮಾನಿಸಿಕೊಳ್ಳಲಿ" ಎಂದೆನಲ್ಲ, ಆ ಮಾತು ಇದಕ್ಕೆ ಅನ್ವಯಿಸದು. ಇದರಲ್ಲಿ ಸೋತದ್ದು ಓಡುವುದಿಲ್ಲ, ಗೆದ್ದದ್ದು ಬಿಡುವುದಿಲ್ಲ. ಗಂಡು ಹೆಣ್ಣು ಗುರುತು ಸಿಕ್ಕ ಕೂಡಲೇ ಹುಂಜ ಮರಿಗಳನ್ನು ಬೇರೆ ಬೇರೆ ಮಾಡಿ. ತಾಯಿಯ ಜೊತೆ ಬಯಲಲ್ಲಿ ಬೆಳೆದ ಮರಿಗಳು ಕೂಡಿಹಾಕಿದವಕ್ಕಿಂತ ತುಸು ತಡವಾಗಿ ಜಗಳಕ್ಕೆ ಇಳಿಯುತ್ತವೆ. ತಪ್ಪಿಸಲು ಮಾತ್ರ ಆಗದು.

"ಇಷ್ಟೆಲ್ಲ ರಗಳೆ ಯಾಕೆ, ಕೊಕ್ಕು ಕತ್ತರಿಸಿಬಿಟ್ರೆ ಆಯ್ತಲ್ಲ?"

ಸಾವಿರಾರು ಮೊಟ್ಟೆ ಕೋಳಿಗಳನ್ನು ಪಂಜರದಲ್ಲಿಡುವ ಫಾರಂಗಳಲ್ಲಿ ಸಾಮಾನ್ಯವಾಗಿ 7ರಿಂದ 10ನೇ ದಿನದೊಳಗೆ, ಕಾದ ಬ್ಲೇಡಿನ ಯಂತ್ರದಲ್ಲಿ, ಪಳಗಿದ ಕೈಯವರು ಅದನ್ನು ಮಾಡುತ್ತಾರೆ. ಹಿತ್ತಲ ಕೋಳಿಗೆ ನನ್ನ ಉತ್ತರ: ಬೇಡ. ಕೊಕ್ಕು ಉಗುರಿನ ಹಾಗಲ್ಲ, ಒಳಗೆ ನರವಿದೆ, ರಕ್ತವಿದೆ. ಉಗುರು ಕತ್ತರಿ ಹಿಡಿದು ಕತ್ತರಿಸುವುದು, ಕಾದ ಕಬ್ಬಿಣಕ್ಕೆ ಒತ್ತುವುದು ಇವುಗಳಿಂದ ನಾಲಿಗೆ ಸುಟ್ಟು, ತಿನ್ನಲಾರದೆ ಸತ್ತ ಮರಿಗಳೇ ಹೆಚ್ಚು. ಬದುಕಿದ್ದು ಹುಳ ಹೆಕ್ಕಲಾರದು, ತನ್ನ ಮೈಯ ಹೇನು ತೆಗೆದುಕೊಳ್ಳಲಾರದು. ಅದಕ್ಕಿಂತ ಮುಖ್ಯ ಮಾತು, ಕೊಕ್ಕು ಕತ್ತರಿಸಿದರೆ ಕುಕ್ಕಿನ ಏಟು ಮೊಂಡಾಗುತ್ತದೆ, ಕುಕ್ಕಲು ಕಾರಣವಾದ ಸೆಕೆ, ಹಸಿವು, ಇಕ್ಕಟ್ಟು ಅಲ್ಲೇ ಇರುತ್ತವೆ. ಅದೇ ಇಕ್ಕಟ್ಟು ನಾಳೆ ರೋಗವಾಗಿ ಬರುತ್ತದೆ.

"ಕತ್ತಲೆ ಬ್ರೂಡರ್ ಅಂತ ಒಂದಿದೆಯಂತೆ, ಅದರಿಂದ ಪುಕ್ಕ ಕೀಳೋದು ಕಮ್ಮಿ ಆಗುತ್ತಾ?"

ಆಗುತ್ತದೆ, ವಿದೇಶಗಳಲ್ಲಿ ಪ್ರಯೋಗ ಮಾಡಿಯೂ ನೋಡಿದ್ದಾರೆ. ವಿಷಯ ಸರಳ. ತಾಯಿಯ ಹೊಟ್ಟೆಯಡಿ ಬೆಚ್ಚಗೂ ಇರುತ್ತದೆ, ಕತ್ತಲೆಯೂ ಇರುತ್ತದೆ. ಮಲಗುವ ಮರಿ ಅಲ್ಲಿ, ಓಡಾಡುವ ಮರಿ ಹೊರಗೆ. ನಮ್ಮ ಬಲ್ಬಿನಡಿ ಕಾವಿರುವ ಜಾಗವೇ ಅತಿ ಹೆಚ್ಚು ಬೆಳಕಿನ ಜಾಗ, ಮಲಗಿದ ಮರಿಯ ಮೈಯನ್ನು ಎಚ್ಚರವಿರುವುದು ನೋಡುತ್ತಾ ಕೂತಿರುತ್ತದೆ. ಬೆಳಕು ಕೊಡದ ಕಾವಿನ ಸಾಧನ, ಅಂದರೆ ಸೆರಾಮಿಕ್ ಹೀಟರ್ ಅಥವಾ ಬಿಸಿ ಹಲಗೆ ಸಿಕ್ಕರೆ ಅದರ ಸುತ್ತ ಬಟ್ಟೆಯ ಪಟ್ಟಿಗಳನ್ನು ಇಳಿಬಿಟ್ಟು ಗುಡಾರದಂತೆ ಮಾಡಿ. ಹೊರಗೆ ಸಣ್ಣ ಬೆಳಕಿನಲ್ಲಿ ಮೇವು, ನೀರು. ಬಟ್ಟೆ ಹೀಟರಿಗೆ ತಾಗದಂತೆ ಅಂತರ ಬಿಡಿ, ಕೆಳಗಿರುವುದು ಒಣ ಹೊಟ್ಟು. ಮೊದಲ ದಿನ ಒಳಗೆ ಹೋಗಲು ಅರಿಯದ ಮರಿಗಳನ್ನು ನೀವೇ ಒಳಗೆ ತಳ್ಳಬೇಕಾಗುತ್ತದೆ.

"ಎಲ್ಲಾ ಸರಿ ಮಾಡಿದ್ರೂ ನಿಲ್ತಿಲ್ಲ ಅಣ್ಣ. ಇನ್ನೇನು ನೋಡ್ಲಿ?"

ರಾತ್ರಿ ಟಾರ್ಚ್ ಹಿಡಿದು ಹೋಗಿ. ಹಗಲಲ್ಲಿ ಗೋಡೆಯ ಬಿರುಕಿನಲ್ಲಿ ಅಡಗಿ, ರಾತ್ರಿ ಹೊರಬಂದು ರಕ್ತ ಹೀರುವ ಕೆಂಪು ನುಸಿ ಇದ್ದರೆ ಆಗ ಕಾಣುತ್ತದೆ. ರೆಕ್ಕೆಯ ಅಡಿ, ಬಾಲದ ಬುಡ ಬಿಡಿಸಿ ಹೇನು ನೋಡಿ. ಮೈ ತುರಿಸಿ ತನ್ನನ್ನೇ ಕುಕ್ಕಿಕೊಂಡು ಗಾಯ ಮಾಡಿಕೊಂಡ ಮರಿಯನ್ನು ಉಳಿದವು ಕುಕ್ಕುವುದನ್ನು ಮುಂದುವರಿಸುತ್ತವೆ.

ಮೂರರಿಂದ ಆರನೇ ವಾರದ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ ಇರಬಹುದು, ಕಾಕ್ಸಿಡಿಯೋಸಿಸ್ ಎನ್ನುತ್ತಾರಲ್ಲ, ಅದು. ಹಿಂಭಾಗಕ್ಕೆ ಅಂಟಿದ ಆ ರಕ್ತವೇ ಕುಕ್ಕಾಟಕ್ಕೆ ಕರೆ ಕೊಡುತ್ತದೆ. ಮಳೆಗಾಲದಲ್ಲಿ, ನೀರಿನ ಡಬ್ಬಿಯ ಸುತ್ತ ಹೊಟ್ಟು ಮುದ್ದೆಯಾದ ಕಡೆ ಇದು ಬೇಗ ಹರಡುತ್ತದೆ. ಇದಕ್ಕೆ ಸೊಪ್ಪು ನೇತುಹಾಕಿ, ಬಲ್ಬು ಬದಲಿಸಿ ಪ್ರಯೋಜನವಿಲ್ಲ, ಔಷಧವೇ ಬೇಕು. ಮೂರ್ನಾಲ್ಕು ಮರಿಯ ತಾಜಾ ಹಿಕ್ಕೆಯನ್ನು ಒಂದು ಶುದ್ಧ ಡಬ್ಬಿಯಲ್ಲಿ ಹಾಕಿಕೊಂಡು, ಸತ್ತ ಮರಿ ಇದ್ದರೆ ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಯಾವ ಫೀಡು, ಯಾವ ಲಸಿಕೆ, ಯಾವ ದಿನ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ.